ಬೀಗ ಹಾಕಿದವನ ಹೆಸರು

ಜುಲೈ 7, 2025, ಸೋಮವಾರ

ಅತಿಥಿಗಳನ್ನು ಹುಡುಕಿ ತರುವುದು, ಕುರ್ಚಿಯಲ್ಲಿ ಕೂರಿಸಿ ಎದೆಗೆ ಮೈಕು ಸಿಕ್ಕಿಸುವುದು, ಆಮೇಲೆ ಅವರ ಮಾತಿನ ಕಸ ಗುಡಿಸಿ ಯೂಟ್ಯೂಬಿಗೆ ಏರಿಸುವುದು, ಬೈಗುಳ ಬಂದರೆ ತಿನ್ನುವುದು. ಇಷ್ಟನ್ನೂ ಒಬ್ಬಳೇ ಮಾಡಿದರೆ ಅವಳಿಗೆ ಪ್ರೊಡ್ಯೂಸರ್ ಎನ್ನುತ್ತಾರೆ. ಯಲಬುರ್ಗಾದಲ್ಲಿ ಅವ್ವ ಕಂಡಕಂಡವರಿಗೆಲ್ಲ "ನಮ್ಮ ಭವಾನಿ ಟೀವ್ಯಾಗ ಅದಾಳ" ಎಂದು ಹೇಳಿಕೊಂಡು ತಿರುಗುತ್ತಾಳೆ. ನಾನು ಎಲ್ಲೂ ಕಾಣುವುದಿಲ್ಲ. ಕಾಣುವ ಆಸೆಯೂ ನನಗಿಲ್ಲ. ಕಾಣುವುದಕ್ಕೆ ನಿರೂಪಕ ಬಸವಕುಮಾರ ಇದ್ದಾನೆ. ಅವನ ಅಂಗಿಗೂ ಇಸ್ತ್ರಿ, ಕನ್ನಡಕ್ಕೂ ಇಸ್ತ್ರಿ. ನಮ್ಮ ಹತ್ತಿರ "ಚಾ ತರಸವಾ" ಎನ್ನುವವನು ಕ್ಯಾಮೆರಾ ಶುರುವಾದ ಕೂಡಲೇ "ತಮ್ಮ ಅನುಭವವನ್ನು ಹಂಚಿಕೊಳ್ಳಬಹುದೇ" ಎನ್ನುತ್ತಾನೆ.

ಹಾಲೇಶ ಸರ್ ಬಹಳ ವರ್ಷಗಳಿಂದ ಕೊಪ್ಪಳದಲ್ಲಿ ಪತ್ರಿಕೆ ನಡೆಸುತ್ತ ಬಂದವರು. ಪತ್ರಿಕೆ ಓದುವವರು ಕಡಿಮೆಯಾದರೆಂದು ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ "ಎರಡು ಕುರ್ಚಿ" ಎಂಬ ಈ ವಿಡಿಯೋ ಪಾಡ್‌ಕಾಸ್ಟ್ ಶುರು ಮಾಡಿದರು. ಇಲ್ಲಿಯವರೆಗೆ ಆ ಎರಡನೆಯ ಕುರ್ಚಿಯಲ್ಲಿ ಕೂತವರೆಲ್ಲ ಗಂಗಾವತಿಯ ಅಕ್ಕಿ ಗಿರಣಿಯವರು, ಕುಷ್ಟಗಿಯ ದಾಳಿಂಬೆಯವರು, ಮುಂದಿನ ಚುನಾವಣೆಗೆ ನಿಲ್ಲಬೇಕೆಂದಿರುವವರು. ಎಲ್ಲರೂ ಕಷ್ಟಪಟ್ಟು ಮೇಲೆ ಬಂದವರೇ. ಕೇಳಿ ಕೇಳಿ ನನಗೆ ಸಾಕಾಗಿದೆ.

ಇವತ್ತು ಜಗಳ ಆಡಿ ಒಂದು ಸಂಚಿಕೆ ಗಿಟ್ಟಿಸಿದೆ. ಹೋದ ತಿಂಗಳು ಭಾಗ್ಯನಗರದ ಕೂದಲಿನ ಶೆಡ್ಡಿಗೆ ಬೆಂಕಿ ಬಿತ್ತಲ್ಲ, ಅದರ ಮೇಲೆ. ಊರೂರಿನಿಂದ ತಂದ ಸಿಕ್ಕುಗೂದಲನ್ನು ಹೆಂಗಸರು ಕೂತು ಬಿಡಿಸಿ, ತೊಳೆದು, ಉದ್ದ ನೋಡಿ ಜೋಡಿಸುವ ಜಾಗ ಅದು. ಮುಂದಿನ ಬಾಗಿಲ ಹತ್ತಿರ ಬೆಂಕಿ ಹತ್ತಿತು. ಕೂದಲು ಕಳವಾಗುತ್ತದೆ ಎಂದು ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ. ಉಳಿದವರು ಹೇಗೋ ಮುಂದಿನಿಂದಲೇ ನುಗ್ಗಿ ಬಚಾವಾದರು, ಹೊಳಿಯಮ್ಮ ಎಂಬವಳು ಹಿಂದಿನ ಬಾಗಿಲಿಗೆ ಓಡಿ ಅಲ್ಲೇ ಸತ್ತಳು. ಶೆಡ್ಡಿನ ಮಾಲೀಕ ಕಳಕಪ್ಪ ಸಾಹುಕಾರ, "ನಾ ಶೆಡ್ ಬಾಡಿಗಿಗೆ ಕೊಟ್ಟೀನಿ, ಕೀಲಿಕೈ ನನ್ನ ಹತ್ರ ಇರಲೇ ಇಲ್ಲ" ಎನ್ನುತ್ತಾನೆ. ಬಾಡಿಗೆ ಹಿಡಿದವನು ಊರು ಬಿಟ್ಟಿದ್ದಾನೆ. ಬೀಗ ಹಾಕಿದ್ದು ಯಾರೆಂದು ಕಣ್ಣಾರೆ ಕಂಡವಳು ಒಬ್ಬಳಿದ್ದಾಳಂತೆ, ಪಕ್ಕೀರವ್ವ ಎಂದು. ಮಿಕ್ಕವರು ಬೇರೆ ಶೆಡ್ಡುಗಳಿಗೆ ಕೆಲಸಕ್ಕೆ ಸೇರಿ ಬಾಯಿ ಮುಚ್ಚಿಕೊಂಡಿದ್ದಾರೆ. ಗುರುವಾರ ಆ ಹೆಂಗಸನ್ನು ಕೂರಿಸುತ್ತೇನೆ.

ಜುಲೈ 10, ಗುರುವಾರ

ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತಿದ್ದಳು. ಐವತ್ತೈದು ದಾಟಿರಬಹುದು. ಕುರ್ಚಿಯ ತುದಿಗೆ ಕೂತವಳಿಗೆ ನಮ್ಮ ಕ್ಯಾಮೆರಾದ ಸಾದಿಕ, "ಹಿಂದ ಸರದ ಕುಂದರ್ರಿ ಅವ್ವಾರ, ಅದೇನ ಕಚ್ಚಂಗಿಲ್ಲ" ಎಂದ. ಸರಿದು ಕೂತಳು.

ಅರ್ಧ ತಾಸು ಚೆನ್ನಾಗಿಯೇ ಮಾತಾಡಿದಳು. ಬೆಂಕಿ ಬಿದ್ದಾಗ ಅವಳು ಹೊರಗೆ ಅಂಗಳದಲ್ಲಿ ತೊಳೆದ ಕೂದಲು ಒಣಹಾಕುತ್ತಿದ್ದಳಂತೆ. "ಊಟ ಆದಮ್ಯಾಲ ಸಾಹುಕಾರ್ರ ಬಂದು ತಮ್ಮ ಕೈಲೇನ ಹಿಂದಿನ ಬಾಗಲಕ್ಕ ಕೀಲಿ ಹಾಕಿದ್ರು. ನಾ ಕಂಡೀನಿ" ಎಂದಳು. ನಾನು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡೆ. ಬಾಡಿಗೆ ಹಿಡಿದವನೂ ಈ ಕೂಲಿಯವರ ಬಾಯಲ್ಲಿ ಸಾಹುಕಾರನೇ, ಹಾಗಾಗಿ ಹೆಸರು ಬೇಕೇ ಬೇಕು. ಬಸವಕುಮಾರ ಕೇಳಿದ: "ಯಾವ ಸಾಹುಕಾರರು? ಅವರ ಹೆಸರನ್ನು ನಮ್ಮ ವೀಕ್ಷಕರಿಗೆ ತಿಳಿಸಬಹುದೇ?"

ಸುಮ್ಮನಾದಳು. ತಲೆ ಕೆಳಗೆ ಹಾಕಿದಳು. ಆಮೇಲೆ ನಾನು ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ ಕಡೆ ಮುಖ ತಿರುಗಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದು ಏನೋ ಗೊಣಗಿ ಒಂದಿಷ್ಟು ನಕ್ಕಳು ಕೂಡ. ಮೈಕಿಗೆ ಬರೀ ಗುಸುಗುಸು. ಮತ್ತೆ ಕೇಳಿದರೆ ತಲೆ ಅಲ್ಲಾಡಿಸಿದಳು. "ಪರವಾಗಿಲ್ಲ, ಮುಂದುವರಿಯೋಣ" ಎಂದು ಬಸವಕುಮಾರ ಮುಂದಿನ ಪ್ರಶ್ನೆಗೆ ಹಾರಿದ.

ಇಷ್ಟು ಜಗಳ ಆಡಿ ಕರೆಸಿದ್ದು ಈ ಸಂಪತ್ತಿಗೆ. ಹೆದರಿದಳು, ಇನ್ನೇನು. ಹೆದರುವುದಿದ್ದರೆ ಬರಬಾರದಿತ್ತು.

ಜುಲೈ 11, ಶುಕ್ರವಾರ

ಇಡೀ ದಿನ ಎಡಿಟಿಂಗು. ಕೆಮ್ಮು, ಗೊಣಗಾಟ, ಕ್ಯಾಮೆರಾ ಬಿಟ್ಟು ಬೇರೆ ಕಡೆ ನೋಡಿದ್ದು, ಒಂದೂ ಉಳಿಯಬಾರದು ಎಂಬುದು ನನ್ನ ಪದ್ಧತಿ. ಅದಕ್ಕೇ ನಮ್ಮ ಸಂಚಿಕೆಗಳು ನೀಟಾಗಿರುತ್ತವೆ, ಜಿಲ್ಲೆಯಲ್ಲಿ ಬೇರೆ ಯಾರದೂ ಹಾಗಿಲ್ಲ.

ಹಾಲೇಶ ಸರ್ ಒಂದು ರೀಲು ಕೇಳಿದರು. ಬಸವಕುಮಾರನ ಪ್ರಶ್ನೆ, ಅವಳ ಮುಖ, ಮೌನ. ಅಷ್ಟೇ ಇಟ್ಟೆ. ಗುಸುಗುಸು ತೆಗೆದೆ, ನಗು ತೆಗೆದೆ, ನಗು ಅಲ್ಲಿ ಕೂಡುತ್ತಿರಲಿಲ್ಲ. ಕೆಳಗೆ "ಬೀಗ ಹಾಕಿದ್ದು ಯಾರು? ಹೆಸರು ಕೇಳಿದರೆ ಮೌನ" ಎಂದು ಬರೆದೆ. ಹೆದರಿಕೆ ಅಂದರೆ ಹೇಗಿರುತ್ತದೆ, ಊರು ನೋಡಲಿ. ಹೆಸರಿಲ್ಲದಿದ್ದರೆ ಏನಾಯಿತು, ಆ ಮೌನವೇ ಸಾಹುಕಾರನ ಕಪಾಳಕ್ಕೆ ಬಾರಿಸುತ್ತದೆ.

ಜುಲೈ 14, ಸೋಮವಾರ

ರೀಲು ಓಡುತ್ತಿದೆ. ನಾನು ಅಂದುಕೊಂಡ ದಿಕ್ಕಿಗಲ್ಲ.

"ಯಾರೋ ಕಲಿಸಿ ಕಳಿಸ್ಯಾರ, ಮುದುಕಿ ಪಾಠ ಮರತಾಳ." "ಹೆಸರ ಗೊತ್ತಿಲ್ಲದಾಕಿ ಕೀಲಿ ಹಾಕೂದು ನೋಡಿದ್ಲಂತ." ಕಮೆಂಟು ತುಂಬ ಇದೇ. ಸಾಹುಕಾರನ ವಕೀಲರು ಅದನ್ನು ಬೆಂಕಿಯ ವಿಚಾರಣೆ ನಡೆಸುತ್ತಿರುವ ಅಧಿಕಾರಿಗೂ ತೋರಿಸಿದ್ದಾರೆ.

ಮಧ್ಯಾಹ್ನ ಸಾಹುಕಾರನೇ ಬಂದ. ಕೈಯಲ್ಲಿ ಮೈಸೂರುಪಾಕಿನ ಬಾಕ್ಸು. ಏರುದನಿಯ ಮನುಷ್ಯನಲ್ಲ, ಹಾಲೇಶ ಸರ್ ಅವರ ಕಾಲು ಮುಟ್ಟುವವನ ಹಾಗೆ ಬಾಗಿ ನಮಸ್ಕರಿಸಿದ. ಆಮೇಲೆ ನನ್ನ ಮೇಜಿನ ಹತ್ತಿರ ಬಂದ.

"ಆ ವಿಡಿಯೋ ಮಾಡಿದಾಕಿ ನೀನ ಏನ ತಂಗಿ? ಛಲೋ ಮಾಡೀದಿ. ನಾ ಎಷ್ಟ ಹೇಳಿದ್ರೂ ಮಂದಿ ನಂಬ್ತಿರಲಿಲ್ಲ."

"ನಿಮ್ಮ ಸಲುವಾಗಿ ಮಾಡಿಲ್ರಿ ಅದನ್ನ."

"ಯಾರ ಸಲುವಾಗಿ ಮಾಡಿದ್ರೇನ? ಅನುಕೂಲ ಆತಲ್ಲ" ಎಂದು ನಕ್ಕ.

ಎಲ್ಲರೂ ಬಾಕ್ಸಿಗೆ ಕೈ ಹಾಕಿದರು. ಬಸವಕುಮಾರ ಎರಡು ತಿಂದ. ಸಾಹುಕಾರ ಮೆಟ್ಟಿಲಿಳಿದು ಹೋಗುವವರೆಗೆ ನಾನು ಕಂಪ್ಯೂಟರ್ ಪರದೆ ಬಿಟ್ಟು ಕಣ್ಣು ಕದಲಿಸಲಿಲ್ಲ. ಸಿಟ್ಟು ಬಂತು. ಅವನ ಮೇಲೆ, ಮತ್ತೆ ಆ ಹೆಂಗಸಿನ ಮೇಲೆ ಕೂಡ. ನಾಳೆ ಹೋಗಿ ಮುಖಕ್ಕೆ ಮುಖ ಕೊಟ್ಟು ಕೇಳುತ್ತೇನೆ.

ಜುಲೈ 15, ಮಂಗಳವಾರ

ಸಾದಿಕನ ಗಾಡಿಯಲ್ಲಿ ಭಾಗ್ಯನಗರಕ್ಕೆ ಹೋದೆ. ಪಕ್ಕೀರವ್ವ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. "ಬಾ ತಂಗಿ, ಒಳಗ ಬಾ" ಎಂದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಳಗೆ ಅವಳ ಗಂಡ ಸ್ಟೂಲಿನ ಮೇಲೆ ಹತ್ತಿ ಬಲ್ಬು ಬದಲಾಯಿಸುತ್ತಿದ್ದರು. ಮೊದಲು ಮಗ್ಗದಲ್ಲಿ ನೇಯುತ್ತಿದ್ದವರಂತೆ.

ನಾನು ಕೂರಲಿಲ್ಲ. "ಯಾಕ ಹೆಸರ ಹೇಳ್ಲಿಲ್ರಿ ಅವತ್ತ? ಅಷ್ಟ ಹೆದರಿಕಿ ಇದ್ರ ಯಾಕ ಬಂದ್ರಿ?" ಎಂದು ಕೇಳಿಯೇ ಬಿಟ್ಟೆ.

"ಹೆದರಿಕಿ ಯಾತಕ್ಕ? ನಾ ಹೇಳಿದ್ನಲ್ಲ ತಂಗಿ."

"ಏನ ಹೇಳಿದ್ರಿ?"

"ಅದು ನಮ್ಮ ಮನಿಯವ್ರ ಹೆಸರ ಐತಿ, ನಾ ಹೆಂಗ ತಗೊಳ್ಳಿ ಅಂದೆ. ಆ ಹುಡುಗನ ಮುಂದ ಹೇಳಾಕ ನಾಚಿಕಿ ಬಂತು, ಅದಕ್ಕ ನಿನ್ನ ಕಡಿ ತಿರುಗಿ ಹೇಳಿದೆ. ನೀ ಹೆಣ್ಮಗಳು, ತಿಳ್ಕೋತಿ, ಆಮ್ಯಾಲ ಅವಗ ಬಿಡಿಸಿ ಹೇಳ್ತಿ ಅಂತ."

ಸ್ಟೂಲಿನ ಮೇಲಿಂದ ಗಂಡ ನಕ್ಕರು. "ನಂದೂ ಕಳಕಪ್ಪನ ತಂಗಿ. ಈ ಸೀಮ್ಯಾಗ ಕಲ್ಲ ಒಗದ್ರ ಯಾರರ ಒಬ್ಬ ಕಳಕಪ್ಪಗ ಬಡೀತೈತಿ."

ಸಾದಿಕ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ನಮ್ಮ ಮನೆಯಲ್ಲಿ ಅವ್ವ ಅಪ್ಪನನ್ನು ಕರೆಯುವುದೇ "ಏನ್ರಿ, ಕೇಳಿಸ್ತೇನ" ಎಂದು. ಅಪ್ಪನ ಹೆಸರು ಅವಳ ಬಾಯಿಂದ ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು, ನಾನು ಹೇಳುತ್ತಿದ್ದೆ. ಅದೇ ಮನೆಯಲ್ಲಿ ಬೆಳೆದವಳು ನಾನು. ಮುಖ ಹೊರಳಿಸಿ, ಸೆರಗು ಅಡ್ಡ ಹಿಡಿದು ನಗುವುದು ಎಂದರೇನು ಎಂದು ನನಗೇ ಗೊತ್ತಾಗದಿದ್ದರೆ ಇನ್ನಾರಿಗೆ ಗೊತ್ತಾಗಬೇಕು?

ಪಕ್ಕೀರವ್ವ ಚಹಾ ಕೊಟ್ಟರು. ಕುಡಿದೆ.

ಜುಲೈ 16, ಬುಧವಾರ

ರೀಲು ತೆಗೆದುಹಾಕಿದೆ. ತೆಗೆದರೆ ಹೋಗುತ್ತದೆಯೇ? ಊರಿನ ಫೋನುಗಳಲ್ಲೆಲ್ಲ ಕೂತಿದೆ. ತರಕಾರಿ ಮಾರುಕಟ್ಟೆಯಲ್ಲಿ ಒಬ್ಬ ಪಕ್ಕೀರವ್ವನ ಹಾಗೆ ತಲೆ ಕೆಳಗೆ ಹಾಕಿ ತೋರಿಸಿ ನಗಿಸುತ್ತಿದ್ದ. ಹೋಗಿ ನಾಲ್ಕು ಮಾತು ಬೈದೆ. ಯಾರು ನೀನು ಎಂದ. ಇದನ್ನು ಮಾಡಿದವಳೇ ನಾನು ಎಂದೆ.

ಜುಲೈ 18, ಶುಕ್ರವಾರ

ಹಾಲೇಶ ಸರ್ ಮುಂದೆ ಎಲ್ಲ ಹೇಳಿದೆ. ಕೇಳಿಸಿಕೊಂಡರು. ಅವರಿಗಿಂತ ಮುಂಚೆ ಬಸವಕುಮಾರನ ಕಣ್ಣು ಅರಳಿತು.

"ಅಕಿ ಕ್ಯಾಮೆರಾ ಮುಂದ ಗಂಡನ ಹೆಸರ ಹೇಳಲಿ. ಜೀವಮಾನದಾಗ ಮೊದಲನೇ ಸಲ. ಕಣ್ಣಾಗ ನೀರ ಬರ್ತಾವ ನೋಡು, ಹಂಗ ಓಡ್ತೈತಿ ಅದು."

"ಗಂಡನ್ನೂ ಬಾಜೂ ಕುಂದರಸ್ರಿ. ಫೋಟೋದಾಗ ಇಬ್ಬರೂ ಇರ್ಲಿ" ಎಂದರು ಹಾಲೇಶ ಸರ್.

"ಅಕಿ ಗಂಡನ ಕಥಿ ಹೇಳಾಕ ಬಂದಿರಲಿಲ್ರಿ" ಎಂದೆ. "ಕೀಲಿ ಹಾಕಿದವನ ಸುದ್ದಿ ಹೇಳಾಕ ಬಂದಿದ್ಲು. ಹೇಳ್ಯಾಳ ಕೂಡ. ನಾ ತಗದ ಒಗದೀನಿ. ನಮ್ಮ ತಪ್ಪಾತು ಅಂತ ನಾವ ಮೊದಲ ಹೇಳಬೇಕು, ಆಮ್ಯಾಲ ಅಕಿ ಮಾತು. ಅಕಿ ಹೆಸರ ತಗೋಬೇಕಾ ಬ್ಯಾಡಾ ಅದು ಅಕಿಗೆ ಬಿಟ್ಟಿದ್ದು."

"ನಮ್ಮ ತಪ್ಪು ಅಂತ ನಾವ ಡಂಗುರ ಹೊಡಿಯೂದಾ? ಯಾವ ಪೇಪರಿನವ್ರು ಹಂಗ ಮಾಡ್ಯಾರ ಹೇಳು." ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಗಸ್ಟ್ ಹದಿನೈದರ ವಿಶೇಷಾಂಕಕ್ಕ ಸಾಹುಕಾರ್ರು ಪೂರ್ತಿ ಪುಟ ಜಾಹೀರಾತು ಹೇಳ್ಯಾರ. ಇದನ್ನ ಇಲ್ಲಿಗೆ ಬಿಟ್ಟಬಿಡು ಭವಾನಿ."

"ಬಿಡಂಗಿಲ್ರಿ."

ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು.

ಜುಲೈ 22, ಮಂಗಳವಾರ

ವಿಚಾರಣೆಗೆ ಗಂಡಹೆಂಡತಿ ಇಬ್ಬರೂ ಹೋಗಿದ್ದರು, ರಜೆ ಹಾಕಿ ನಾನೂ ಹೋದೆ. ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ಬೀಗ ಹಾಕಿದವರ ಹೆಸರು ಹೇಳಿರಿ ಎಂದು ಸಮಾಧಾನದಿಂದಲೇ ಕೇಳಿದರು. ಪಕ್ಕೀರವ್ವ ಗಂಡನ ಕಡೆ ನೋಡಿದರು, ಅವರಿಗೆ ನಾನೀಗ ಕಾಕಾ ಎನ್ನುತ್ತೇನೆ. ಕಾಕಾ ಎದ್ದು ನಿಂತು, "ನನ್ನ ಹೆಸರ ಏನೈತಿ ಅದ ಅವಂದೂ ಐತ್ರಿ ಸಾಹೇಬ್ರ, ಕಳಕಪ್ಪ" ಎಂದರು. ಪಕ್ಕೀರವ್ವ ಹೌದೆಂದು ತಲೆ ಆಡಿಸಿದರು.

ಸಾಹುಕಾರನ ವಕೀಲರು ಬಿಡಲಿಲ್ಲ. ಹೆಸರು ಹೇಳಿದವನು ಕಂಡಿಲ್ಲ, ಕಂಡವಳು ಹೇಳಿಲ್ಲ, ತಲೆ ಆಡಿಸಿದ್ದನ್ನು ಹೇಳಿಕೆ ಎನ್ನಲಾಗದು, ಇದೇ ಹೆಂಗಸು ವಿಡಿಯೋದಲ್ಲೂ ಬಾಯಿ ಬಿಟ್ಟಿಲ್ಲ, ಎಂದರು. ತಿಂಗಳ ಕೊನೆಗೆ ವರದಿ ಹೋಗುತ್ತದೆ. ಹೀಗೇ ಹೋದರೆ ಬೀಗ ಹಾಕಿದವರು ಯಾರೆಂದು ಗೊತ್ತಾಗಿಲ್ಲ ಎಂದೇ ಹೋಗುತ್ತದೆ. ಹೊಳಿಯಮ್ಮ ತನ್ನ ತಪ್ಪಿನಿಂದಲೇ ಸತ್ತಳು ಎಂದಾಗುತ್ತದೆ.

ಹೊರಗೆ ಬಂದು ಮಿರ್ಚಿ ಭಜಿ ಕೊಡಿಸಿದೆ. ಪಕ್ಕೀರವ್ವ ಕಾಗದದ ಸಮೇತ ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದರು.

ನನ್ನ ರೀಲು ಅಲ್ಲಿ ಸಾಕ್ಷಿಯಾಗಿ ಕೂತಿತ್ತು. ಅದನ್ನು ಅಲ್ಲಿಂದ ಎಬ್ಬಿಸುತ್ತೇನೆ. ಭಾನುವಾರ ಅವರ ಮನೆಯಲ್ಲೇ ರೆಕಾರ್ಡಿಂಗು. ಗಂಡ ಹೆಸರು ಹೇಳಲಿ, ಅದೇ ಎಂದು ಪಕ್ಕೀರವ್ವ ಬಾಯಿಬಿಟ್ಟು ಒಪ್ಪಲಿ, ಯಾಕೆ ತಾವು ಹೇಳುವುದಿಲ್ಲ ಎಂಬುದನ್ನೂ ಅವರೇ ಹೇಳಲಿ. ಅಷ್ಟು ಸಾಕು. ಅವರ ಬಾಯಿಂದ ಹೆಸರು ಎಳೆದು ತರುವ ಕೆಲಸ ನಾನು ಮಾಡುವುದಿಲ್ಲ. ನಂಬದವರು ಸಾಯಲಿ.

ಜುಲೈ 24, ಗುರುವಾರ

ಬಸವಕುಮಾರನಿಗೆ ಮೈ ಹುಷಾರಿಲ್ಲವಂತೆ. ಭಾನುವಾರವೂ ಇರುವುದಿಲ್ಲವಂತೆ, ಈಗಲೇ ಗೊತ್ತಾಗಿದೆ. ಬೇಡ. ಕುರ್ಚಿಯ ಮೇಲೆ ಅವನ ಹೆಸರು ಬರೆದಿಲ್ಲ.

ಸಾದಿಕ, "ಅಕ್ಕಾ, ಕೆಲಸ ಹೋದ್ರ?" ಎಂದ.

"ಹೋಗ್ಲಿ. ಕಲಿತದ್ದೇನ ಕಸ್ಕೊಳ್ಳಾಕ ಬರ್ತೈತೇನ?"

"ಕಂತ ತುಂಬದಿದ್ರ ನನ್ನ ಗಾಡಿ ಕಸ್ಕೋತಾರ" ಎಂದು ನಕ್ಕ. ಬರುತ್ತಾನೆ.

ಜುಲೈ 28, ಸೋಮವಾರ

ಬೆಳಿಗ್ಗೆ ಏರಿಸಿದೆ. ರೀಲು ಓಡಿದ "ಎರಡು ಕುರ್ಚಿ" ಚಾನೆಲ್ಲಿಗೇ. ಯಾರ ಮುಂದೆ ಸುಳ್ಳಾದೆವೋ ಅವರ ಮುಂದೆಯೇ ನಿಜ ಹೇಳಬೇಕು. ಚಾನೆಲ್ಲಿನ ಪಾಸ್‌ವರ್ಡ್ ಬದಲಾಯಿಸುವುದು ಆ ಆಫೀಸಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ, ಅದೂ ಪ್ರೊಡ್ಯೂಸರ್ ಕೆಲಸವೇ.

ಹಾಲೇಶ ಫೋನು ಮಾಡಿದ. "ಯಾರನ್ನ ಕೇಳಿ ಹಾಕಿದಿ?"

"ಯಾರನ್ನೂ ಕೇಳಿಲ್ರಿ."

"ಈಗಿಂದೀಗ ತಗಿ."

"ತಗಿಯಂಗಿಲ್ರಿ. ನೀವ ತಗಸ್ರಿ ಬೇಕಾದ್ರ. ಯಾಕ ತಗದ್ರು ಅನ್ನೂದರ ಮ್ಯಾಲ ಇನ್ನೊಂದ ಮಾಡ್ತೀನಿ."

"ನಾಳಿಂದ ಆಫೀಸಿಗೆ ಬರಬ್ಯಾಡ."

"ಇವತ್ತೂ ಬಂದಿಲ್ರಿ" ಎಂದು ಇಟ್ಟೆ.

ಸಂಜೆಯವರೆಗೂ ತೆಗೆಸಿಲ್ಲ. ತೆಗೆಸುವ ಧೈರ್ಯ ಅವನಿಗೆ ಬರುವುದಿಲ್ಲ, ಅಷ್ಟು ಜನ ನೋಡಿಯಾಗಿದೆ. ವಿಚಾರಣೆಯ ಕಚೇರಿಯವರು ಪೂರ್ತಿ ರೆಕಾರ್ಡಿಂಗ್ ಕೊಡಿ ಎಂದು ಕೇಳಿದ್ದಾರೆ, ಬುಧವಾರ ಪಕ್ಕೀರವ್ವನನ್ನು ಮತ್ತೆ ಕರೆದಿದ್ದಾರೆ. ಆ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಮೆಹಜಬೀನ ಎಂಬವಳು ಫೋನು ಮಾಡಿ, ತಾನೂ ಅವರ ಜೊತೆ ಹೋಗುವುದಾಗಿ ಹೇಳಿದಳು.

ನಿನ್ನೆ ಪಕ್ಕೀರವ್ವನ ಮನೆಯಲ್ಲಿ ನಡೆದದ್ದನ್ನು ಇವತ್ತು ಬರೆಯುತ್ತಿದ್ದೇನೆ. ನಾಳೆ ನಾಗರ ಪಂಚಮಿ, ಹೊಳಿಯಮ್ಮ ಹೋದಳೆಂದು ಆ ಓಣಿಯಲ್ಲಿ ಯಾರೂ ಹಬ್ಬದ ಉಂಡಿ ಕಟ್ಟಿರಲಿಲ್ಲ. ಸಾದಿಕ ಎರಡು ಕ್ಯಾಮೆರಾ ಇಟ್ಟ. ಮೊದಲು ನಾನು ಮಾತಾಡಿದೆ. "ಆ ರೀಲ ಮಾಡಿದಾಕಿ ನಾನ. ಈ ಅವ್ವಾರು ಅವತ್ತ ಉತ್ತರ ಕೊಟ್ಟಿದ್ರು, ಅದನ್ನ ತಗದಾಕಿ ನಾನ. ಅವ್ರು ಹೆದರಿದ್ದಿಲ್ಲ, ನನಗ ತಿಳೀಲಿಲ್ಲ" ಎಂದೆ. ಆಮೇಲೆ ಅವರ ಕಡೆ ತಿರುಗಿ ಕೇಳಿದೆ. "ಹಿಂದಿನ ಬಾಗಲಕ್ಕ ಕೀಲಿ ಹಾಕಿದ್ದ ಯಾರ್ರಿ ಅವ್ವ?"

ಮಾತಾಡಿಕೊಂಡ ಹಾಗೆ ಕಾಕಾ ಮುಂದೆ ಬಾಗಿ ಬಾಯಿ ತೆರೆದರು. ಪಕ್ಕೀರವ್ವ ಅವರ ಮೊಣಕಾಲ ಮೇಲೆ ಕೈಯಿಟ್ಟು ತಡೆದರು. ತಡೆದು ಸುಮ್ಮನೆ ಕೂತರು. ಬಹಳ ಹೊತ್ತು. ಸಾದಿಕ ನನ್ನ ಕಡೆ ನೋಡಿದ, ನಿಲ್ಲಿಸು ಎಂದು ನಾನು ಕೈ ಎತ್ತಲಿಲ್ಲ. ಆ ಹೊತ್ತು ಪೂರ್ತಿ ವಿಡಿಯೋದಲ್ಲಿದೆ.

"ಹೊಗಿ ಕಂಡಕೂಡ್ಲೇ ನಾ ಅವನ ಹಿಂದ ಓಡಿದೆ ತಂಗಿ" ಎಂದರು. "ಗೇಟಿನ್ಯಾಗ ಗಾಡಿ ಹತ್ತಾಕತ್ತಿದ್ದ. ಕೀಲಿಕೈ ಅವನ ಕಿಸೆದಾಗ. ಸಾಹುಕಾರ್ರ, ಸಾಹುಕಾರ್ರ ಅಂತ ಒದರಿದೆ. ತಿರುಗಲಿಲ್ಲ. ಒಳಗ ಹೊಳಿಯಮ್ಮ ಬಾಗಲ ಬಡಿಯಾಕತ್ತಿದ್ಲು. ಅಕಿ ಅವನ ಹೆಸರ ಹಿಡದ ಕೂಗ್ತಿದ್ಲು. ನನ್ನ ಬಾಯಿಗೆ ಆ ಹೆಸರ ಬರಲೇ ಇಲ್ಲ. ನಾ ಹೆಸರ ಹಿಡದ ಒದರಿದ್ರ ತಿರುಗಿ ನೋಡ್ತಿದ್ನೋ ಏನೋ."

"ಅವ್ವ, ನೀವ ಹೇಳಬೇಕಂತಿಲ್ಲ" ಎಂದೆ.

"ನೀ ಸುಮ್ಮನಿರು ತಂಗಿ."

ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ನನ್ನ ಕಡೆ ತಿರುಗಲಿಲ್ಲ, ನೇರ ಕ್ಯಾಮೆರಾ ನೋಡಿದರು.

"ಕಳಕಪ್ಪ. ಕಳಕಪ್ಪ ಸಾಹುಕಾರ. ಕೀಲಿ ಹಾಕಿದಾವ ಅವನ. ಕೀಲಿಕೈ ತಗೊಂಡ ಹೋದಾವನೂ ಅವನ."

ಕಾಕಾ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಅವರ ಬಾಯಿ ಹಾಗೇ ತೆರೆದಿತ್ತು. ಪಕ್ಕೀರವ್ವ ಅವರ ಕಡೆ ತಿರುಗಿದರು.

"ಹಂಗ್ಯಾಕ ನೋಡ್ತೀರಿ? ಅದು ಅವನ ಹೆಸರು. ನಿಮ್ಮ ಹೆಸರ ನಾ ಇನ್ನೂ ತಗೊಂಡಿಲ್ಲ."

ಕಾಕಾ ಟವೆಲಿನಿಂದ ಕಣ್ಣು ಒರೆಸಿಕೊಂಡರು. "ತಗೋಬ್ಯಾಡ ಬಿಡ" ಎಂದರು, "ನಂದು ಹಂಗ ಇರ್ಲಿ."